ಸಂಚಿ

ಬೇಯಿಸಿ ತಿನ್ನುವವರೆಂದರೆ ನನ್ನಪ್ಪ ತೊಂಗ್‌ಸುಕ್‌ಗೆ
ಸಣ್ಣದೊಂದು ತಾತ್ಸಾರ.
ಚೀ ನದಿಯ ಬೆರಳುದ್ದ ಮೀನು, ಇನ್ನೂ ಮಿಡುಕುತ್ತಿರುವಾಗಲೇ
ಕೊಚ್ಚಿ, ಲಿಂಬೆ ಹಿಂಡಿ,
ಕೆಂಪಿರುವೆಯ ಮೊಟ್ಟೆ, ಹುರಿದಕ್ಕಿಯ ಪುಡಿ, ಪುದೀನ.
ಅಂಟಕ್ಕಿಯ ಉಂಡೆಯಲ್ಲಿ ಅದ್ದಿ ಅದ್ದಿ
ಅರವತ್ತೆರಡು ಬೇಸಿಗೆ.
"ಹುಳಿಯೇ ಬೆಂಕಿ" ಅನ್ನುತ್ತಾನೆ.

ಹುಳಿ ಬೆಂಕಿಯಲ್ಲ, ಅಪ್ಪ.
ಮೀನಿನ ಮಾಂಸದಲ್ಲಿ ಮುದುಡಿ ಮಲಗಿದವು
ಲಿಂಬೆಗೆ ಮಗ್ಗುಲನ್ನೂ ಬದಲಿಸುವುದಿಲ್ಲ.

ಖೋನ್ ಕೆನ್‌ನ ಲ್ಯಾಬಿನಲ್ಲಿ ನಾನು ಹುಳುಗಳ ಆಯಾ.
ಹ್ಯಾಮ್‌ಸ್ಟರಿನ ಪಿತ್ತನಾಳದಿಂದ ಬಿಡಿಸಿ ತಂದವು,
ಹುಣಸೆಯ ಎಳೆ ಎಲೆಯಷ್ಟು. ಹಲ್ಲಿಲ್ಲ, ಕಣ್ಣಿಲ್ಲ.
ರಾತ್ರಿಯಿಡೀ ಗಾಜಿನ ತಟ್ಟೆಯಲ್ಲಿ ಬೆಚ್ಚಗೆ.
ಬೆಳಗ್ಗೆ ಅವನ್ನೆತ್ತಿಟ್ಟು, ಉಳಿದ ನೀರನ್ನು
ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತೇನೆ, ಗಂಟೆಗಟ್ಟಲೆ.
ತಳದಲ್ಲಿ ಕಂಡೂ ಕಾಣದ ಒಂದು ಮಸುಕು:
ಹುಳು ಆಡಿದ ಮಾತು.

ಹಿಗ್ಗಿಸಿ ನೋಡಿದರೆ ಸಂಚಿಗಳು,
ಅಜ್ಜಿಯ ಎಲೆಯಡಿಕೆ ಸಂಚಿಯ ಹಾಗೆ ಬಾಯಿ ಬಿಗಿದವು.
ಕೂದಲಿನ ಅಗಲಕ್ಕೆ ಏಳುನೂರು ಸಾಲಾಗಿ ನಿಂತಾವು.
ಅಜ್ಜಿಯದರಲ್ಲಿ ಸುಣ್ಣ, ಅಡಿಕೆ, ಚಿಲ್ಲರೆ, ಯಾರದೋ ಹಾಲುಹಲ್ಲು.
ಇದರಲ್ಲಿ ಪ್ರೋಟೀನು, ಆರ್‌ಎನ್‌ಎಯ ಚೂರು,
ನಮ್ಮ ಜೀವಕೋಶಕ್ಕೆ ಓದಲು ಬರುವ ಲಿಪಿಯಲ್ಲೇ.

ಸಂಚಿ ಸೋಕಿದೊಡನೆ ಕೋಶ ಒಳಗೆ ಕರೆದುಕೊಳ್ಳುತ್ತದೆ.
ಯಾರು ಎಂದು ಕೇಳುವುದಿಲ್ಲ.
ಬಿಚ್ಚಿದರೆ ಶಾಪವಿಲ್ಲ, ಬೆದರಿಕೆಯಿಲ್ಲ.
ಬೆಳೆ, ಅನ್ನುತ್ತದೆ. ಗಾಯ ಮಾಯಲಿ. ಬೆಳೆ.
ಹಬ್ಬದ ದಿನ ಹಿರಿಯರು ಹರಸಿ ಹೇಳುವ ಮಾತು.
ಹುಳುವಿಗೆ ಹಗೆಯೇನಿಲ್ಲ, ತಾನಿರುವ ಮನೆ ಸೋರಬಾರದು, ಅಷ್ಟೆ.
ಕೋಶ ಬೆಳೆಯುತ್ತದೆ, ಬೆಳೆಯುತ್ತದೆ.
ಸಾಕು ಅನ್ನುವ ಓಲೆ
ಆ ಸಂಚಿಯಲ್ಲಿಲ್ಲ.

ಕಳೆದ ತಿಂಗಳು ವಿಹಾರದ ಅಂಗಳಕ್ಕೆ ಸ್ಕ್ಯಾನಿನ ವ್ಯಾನು ಬಂತು.
ಅಪ್ಪ ಅಂಗಿಯೆತ್ತಿ ಮಲಗಿದ.
"ಮೂರು ತಿಂಗಳು ಬಿಟ್ಟು ಬನ್ನಿ" ಎಂದಳು ನರ್ಸ್,
ಅವನನ್ನು ಬಿಟ್ಟು ಎಲ್ಲವನ್ನೂ ನೋಡುತ್ತ.

ಅವ್ವ ಲಮ್ಯೈ ಅಂದು ಸಂಜೆಯೇ ಬಾಳೆಲೆಯ ಗೋಪುರ ಕಟ್ಟಿಸಿದಳು.
ಮೈಯಲ್ಲಿ ಮೂವತ್ತೆರಡು ಖ್ವಾನ್‌ಗಳಂತೆ,
ಹೆದರಿದರೆ ಊರುಬಿಟ್ಟು ಅಲೆಯುತ್ತವಂತೆ, ಕರೆಯಬೇಕು.
ಕಣ್ಣಿನದೇ ಬಾ, ಮೊಣಕಾಲಿನದೇ ಬಾ,
ಗದ್ದೆಯಲ್ಲಿದ್ದರೂ ಬಾ, ನದಿಯಲ್ಲಿದ್ದರೂ ಬಾ.
ಒಬ್ಬೊಬ್ಬರೂ ಅವನ ಮಣಿಕಟ್ಟಿಗೆ ಬಿಳಿದಾರ.
ನಾನೂ ಕಟ್ಟಿದೆ.
ಪಿತ್ತಕೋಶದ್ದನ್ನು ಕರೆಯುವಾಗ ದನಿ ತಡವರಿಸಿತು:
ಅಲ್ಲಿ ಆಗಲೇ ಇನ್ಯಾರೋ ಕರೆಯುತ್ತಿದ್ದಾರೆ,
ನನಗಿಂತ ಹತ್ತಿರದಿಂದ.

ಮರುದಿನ ಫೋಟೋ ತೋರಿಸಿದೆ.
"ಇದಾ? ಸಾಬೂನಿನ ಗುಳ್ಳೆ!" ನಕ್ಕ.
ಆಮೇಲೆ, "ಏನು ಬರೆದಿದೆಯಂತೆ?"
"ಬೆಳೆ ಅಂತ."
ತುಸು ಹೊತ್ತು ಸುಮ್ಮನಿದ್ದ.
"ಒಳ್ಳೇ ಮಾತೇ ಅಲ್ಲವೇನೇ" ಅನ್ನುತ್ತ
ಲಿಂಬೆಯ ಹೋಳು ಹಿಂಡತೊಡಗಿದ, ದಾರಗಳೆಲ್ಲ ಒದ್ದೆ.

ಅವ್ವ ಏನೂ ಹೇಳದೆ
ಮೀನಿನ ಬಟ್ಟಲನ್ನು ಅವನ ಕೈಕೆಳಗಿಂದೆತ್ತಿ
ಕುದಿಯುವ ಪಾತ್ರೆಗೆ ಸುರಿದಳು.
ಲಿಂಬೆ ಇನ್ನೂ ತೊಟ್ಟಿಕ್ಕುತ್ತಿತ್ತು, ಬರೀ ಚಾಪೆಯ ಮೇಲೆ.