ನಾಲಿಗೆಯ ಬದಿಯಿಂದ

ಪರೀಕ್ಷೆಗೆ ಬರುವ ಪಾಠವಲ್ಲ ಅದು.
ಬೋರಾ ಬಜಾರಿನ ರಾತ್ರಿಶಾಲೆಯಲ್ಲಿ, ಒಂಬತ್ತೂವರೆಗೆ,
ಕರೆಂಟು ಹೋಗಿ, ದೂಮಪ್ಪ ಮಾಸ್ತರು
ಮೊಂಬತ್ತಿ ಹಚ್ಚಿ, ಪುಸ್ತಕ ಮಡಚಿ
ಸುಮ್ಮನೆ ಹೇಳಿದ್ದು.

ಹಗಲು ಮರಾಠಿ ಮಕ್ಕಳು ಕೂರುವ ಗಿಡ್ಡ ಬೆಂಚು,
ನಮ್ಮ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.
ಬೆರಳ ಸಂದಿಯಲ್ಲಿ ಬೂದಿ, ಸೋಡಾ,
ಎಷ್ಟು ತಿಕ್ಕಿದರೂ ಹೋಗದ ಸಾಂಬಾರಿನ ವಾಸನೆ.
ಮಾಸ್ತರು ಹಗಲಿಗೆ ಹಡಗು ಕಂಪನಿಯ ಗುಮಾಸ್ತೆ.
ಆ ಕಡೆಯ ನಾವಿಕನೊಬ್ಬ ಕುಡಿದು
ಈ ಕಥೆ ಹೇಳಿ ಅತ್ತಿದ್ದನಂತೆ.

ಬಿಲಾತಿಯ ಪಡುವಣ ಮೂಲೆ, ಅಂದರು,
ಗುಡ್ಡ ಇಳಿದರೆ ಕಡಲು, ನಮ್ಮ ಊರಿನ ಹಾಗೇ.
ಏಳುನೂರು ವರ್ಷದ ಕೆಳಗೆ ಒಂದು ಹೆಣ್ಣು ಕೂಸು.
ಹೆತ್ತವಳು ಹೆತ್ತ ಹಾಸಿಗೆಯಲ್ಲೇ ತೀರಿದಳು.
ಅಪ್ಪ ಅರಸು. ಆ ಚಳಿಗಾಲ ಅವನ ತಲೆಯನ್ನು
ಲಂಡನ್ನಿನ ಕೋಟೆಯ ಮೇಲೆ ಈಟಿಗೆ ಸಿಕ್ಕಿಸಿದರು.
ಕೂಸನ್ನು ಕೊಲ್ಲಲಿಲ್ಲ.
ತೊಟ್ಟಿಲ ಸಮೇತ ಎತ್ತಿಕೊಂಡು ಹೋಗಿ
ದೇಶದ ಆಚೆ ತುದಿಯ ಜೌಗು ಬಯಲಲ್ಲಿ
ಸನ್ಯಾಸಿನಿಯರ ಮಠಕ್ಕೆ ಒಪ್ಪಿಸಿದರು.
ಐವತ್ತನಾಲ್ಕು ವರ್ಷ.
ಅಷ್ಟೇ ಕಥೆ.

"ಅಷ್ಟೇಯಾ?" ಎಂದ ಹಿಂದಿನ ಬೆಂಚಿನ ಸೇಸ.
ಓಡಿಹೋಗಲಿಲ್ಲವಾ? ಯುದ್ಧ? ಮದುವೆ?
"ಇಲ್ಲ ಮಾರಾಯ. ಬದುಕಿದಳು.
ಬೆಳಿಗ್ಗೆ ಗಂಟೆ, ಮಧ್ಯಾಹ್ನ ಗಂಟೆ, ನಡುರಾತ್ರಿ ಗಂಟೆ.
ಮಾತಾಡಿದ್ದು ಕೊಂದವರ ಭಾಷೆ,
ಬೇಡಿಕೊಂಡದ್ದು ಲ್ಯಾಟಿನ್ನಿನಲ್ಲಿ.
ಅಪ್ಪನ ನುಡಿಯಲ್ಲಿ ನೀರಿಗೆ ಎಂತ ಹೇಳುತ್ತಾರೋ
ಆ ಒಂದು ಶಬ್ದವೂ
ಕಿವಿಗೆ ಬಿದ್ದಿರಲಿಕ್ಕಿಲ್ಲ."

ಮತ್ತೆ ಹೆಸರು. ಹೆಸರಿನಲ್ಲೊಂದು ಅಕ್ಷರವಂತೆ,
ನಾಲಿಗೆ ತುದಿ ಹಲ್ಲಿಗೆ ಒತ್ತಿ
ಬದಿಯಿಂದ ಗಾಳಿ ಬಿಡಬೇಕು, ಹಾವಿನ ಹಾಗಲ್ಲ,
ಕೆಂಡಕ್ಕೆ ನೀರು ಹನಿಸಿದ ಹಾಗೆ.
ಮಠದವರಿಗೆ ಬರಲಿಲ್ಲ. ತೋಚಿದ್ದು ಬರೆದರು.
ಅವಳೂ ಅದನ್ನೇ ತನ್ನದೆಂದುಕೊಂಡಳೋ ಏನೋ.

ಮಾಸ್ತರು ಬೋರ್ಡಿಗೆ ಹೋಗಿ, ಮರಾಠಿ ಮಗ್ಗಿಯ ಪಕ್ಕ
ಉಳಿದ ಅಂಗೈಯಗಲದಲ್ಲಿ ಬರೆದರು: ೞ.
"ಇದೂ ನಮ್ಮದೇ. ಮೞೆಯಲ್ಲಿತ್ತು, ಕೋೞಿಯಲ್ಲಿತ್ತು,
ಬಾೞಿನಲ್ಲಿತ್ತು. ಹೇಗೆ ಹೇಳುತ್ತಿದ್ದರೋ. ಹೋಯಿತು.
ಅವಳದ್ದೂ ಇದೂ ಒಂದೇ ಅಲ್ಲ. ನೆಂಟರಿರಬಹುದು."

ಹದಿನೇಳು ಮಂದಿ ಒಟ್ಟಿಗೇ
ನಾಲಿಗೆ ಒತ್ತಿ ಗಾಳಿ ಬಿಟ್ಟೆವು.
ಮೊಂಬತ್ತಿ ಆರಿತು. ನಗು ನಿಲ್ಲಲೇ ಇಲ್ಲ.
ಆ ನಗುವಿನಲ್ಲಿ ಮಾಸ್ತರು ಅವಳ ಪೂರ್ತಿ ಹೆಸರು
ಹೇಳಿದರೋ ಇಲ್ಲವೋ. ನನಗೆ ಸಿಕ್ಕಿದ್ದು ಆ ಅಕ್ಷರ ಮಾತ್ರ.

ಮರುದಿನ ಬೆಳಿಗ್ಗೆ ಐದಕ್ಕೆ ಹೋಟೆಲಿನಲ್ಲಿ
"ಏ ಬಾರ್ಕ್ಯಾ, ಪಾಣೀ!"
ಆರು ವರ್ಷದಿಂದ ಅದಕ್ಕೇ ಓಗೊಟ್ಟವನು
ಅಂದು ಗ್ಲಾಸು ಇಡುತ್ತಾ ಗಿರಾಕಿಗೆ ಹೇಳಿದೆ:
ನನ್ನ ಹೆಸರು ಐತಪ್ಪ.
ಅವನು ಚಿಲ್ಲರೆ ಎಣಿಸುತ್ತಿದ್ದ.

ಶಾಲೆ ಮುಚ್ಚಿ ಇಪ್ಪತ್ತು ವರ್ಷವಾಯಿತು.
ಸೇಸ ಎಲ್ಲಿದ್ದಾನೋ.
ಮೊನ್ನೆ ಪರೇಲಿನ ಆಸ್ಪತ್ರೆಯಲ್ಲಿ ಮಾಸ್ತರು,
ಬಲಗಡೆ ಪೂರ್ತಿ ಬಿದ್ದುಹೋಗಿದೆ, ಬಾಯಿ ಓರೆ.
ಕಾಲ ಬುಡದ ಹಲಗೆಯಲ್ಲಿ ಧೋಂಡಪ್ಪಾ ಎಂದಿದೆ.
ತಿದ್ದಲೆಂದು ಪೆನ್ನು ತೆಗೆದೆ, ನರ್ಸು ಗದರಿದಳು,
ಪೆನ್ನು ಕಿಸೆಗೆ ಹೋಯಿತು.

"ಮಾಸ್ತರೇ, ನಾನು" ಎಂದೆ.
ಹೆಸರು ಹೇಳಲಿಲ್ಲ, ಅವರೇ ಕರೆಯಲಿ ಎಂದು.
ಬಹಳ ಹೊತ್ತು ಹುಡುಕಿದರು.
ತುಳು ಬರಲಿಲ್ಲ, ಕನ್ನಡ ಬರಲಿಲ್ಲ,
ಜೀವಮಾನವಿಡೀ ಬಸ್ಸಿನಲ್ಲಾಡಿದ ಹಿಂದಿಯೂ ಇಲ್ಲ.
ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದರು.
ಆಗ ನಾಲಿಗೆ ಮೆಲ್ಲನೆ ಎದ್ದು ಹಲ್ಲಿಗೆ ಒತ್ತಿತು,
ಬದಿಯಿಂದ ಗಾಳಿ ಬಂತು,
ಕೆಂಡಕ್ಕೆ ಹನಿ ಬಿದ್ದ ಹಾಗೆ.

ಓ, ಎಂದೆ.