ರೋಕು ಅಂದರೆ ರೊಕ್ಕವಲ್ಲ

ಇಚಿ, ನಿ, ಸಾನ್,
ಶಿ ಅಂದಕೂಡಲೇ ನಾವು ಮೂಗು ಮುಚ್ಚಿ ನಗುತ್ತಿದ್ದೆವು.
ಫಕ್ಕೀರಪ್ಪ ಮಾಸ್ತರರು ನಗು ಮುಗಿಯುವವರೆಗೆ ಕಾದು
ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು.
ಶಿಕ್ಷೆ ಅಂದರೆ ಅಷ್ಟೇ: ಒಂದರಿಂದ.
ಗೋ ಅಂದರೆ ಐದು, ಆಕಳಲ್ಲ.
ರೋಕು ಅಂದರೆ ಆರು.
"ರೊಕ್ಕ ಅಲ್ರವ್ವಾ, ರೋಕು.
ರೊಕ್ಕದ ಮಾತು ಇಲ್ಲಿ ಬ್ಯಾಡ."
ಇಪ್ಪತ್ತು ವರ್ಷದಲ್ಲಿ ಫೀ ಎಂಬುದು
ಆ ಒಂದು ಎಣಿಕೆಯಲ್ಲೇ ಬಂದು ಹೋಯಿತು.

ಬೈನಾದ ಮರಳು, ವಾಸ್ಕೋದ ಸಂಜೆ.
ಬಂದರದಿಂದ ಹಾರಿ ಬಂದ ಅದಿರಿನ ಕೆಂಪು
ನಮ್ಮ ಅಂಗಾಲಿಗೆ, ಹಗ್ಗದ ಮೇಲಿನ ಬಟ್ಟೆಗೆ,
ಪೊಯ್ ಮಾರುವವನ ಸೈಕಲ್ ಬುಟ್ಟಿಗೆ.
ಮಾಸ್ತರರ ಹೆಂಡತಿ ಕಸ್ತೂರೆವ್ವ
ಮೈದಾ ಚೀಲ ಬಿಚ್ಚಿ ಅಂಗಿ ಹೊಲಿದಳು.
ಎಷ್ಟು ಒಗೆದರೂ ನನ್ನ ಬೆನ್ನು ಬಿಡದ ನೀಲಿ ಅಕ್ಷರ:
ನಿವ್ವಳ ತೂಕ ತೊಂಬತ್ತು ಕಿಲೋ.
ನಾನಾಗ ಇಪ್ಪತ್ತೆರಡು.

ಅವರು ಕಲಿತದ್ದು ಹಡಗಿನವನಿಂದ.
ಅದಿರು ತುಂಬಿಸಿಕೊಳ್ಳಲು ಬರುತ್ತಿದ್ದ ಜಪಾನಿನ ಹಡಗು,
ಅದರ ಅಡುಗೆಯವ, ಹೆಸರು ಮೋರಿ.
ನಮ್ಮಲ್ಲಿ ಮೋರಿ ಅಂದರೆ ಏನೆಂದು
ಕೊನೆಯವರೆಗೂ ಅವನಿಗೆ ಹೇಳಲಿಲ್ಲವಂತೆ.
ಧಕ್ಕೆಯ ದೀಪದ ಕೆಳಗೆ ಮೂರು ರಾತ್ರಿ,
ಒಂದು ಕತಾದ ಹನ್ನೆರಡು ಹೆಜ್ಜೆ.
ಮುಂದಿನ ಸಲಕ್ಕೆ ಇನ್ನೂ ಹನ್ನೆರಡು.
ಮೂರನೆಯ ಸಲ ಹಡಗು ಬಂತು, ಅವ ಬರಲಿಲ್ಲ.

ಅರ್ಧಕ್ಕೆ ನಿಂತ ಕತೆ ಎಲ್ಲರ ಮನೆಯಲ್ಲೂ ಇದೆ.
ಅರ್ಧಕ್ಕೆ ನಿಂತ ಕತಾ ಹಿಡಿದು
ಹನ್ನೊಂದು ವರ್ಷ ಈ ಮನುಷ್ಯ,
ಪಾಳಿ ಮುಗಿಸಿ, ಹೆಲ್ಮೆಟ್ ಬಿಚ್ಚಿಟ್ಟು,
ಇಪ್ಪತ್ನಾಲ್ಕನೆಯ ಹೆಜ್ಜೆಗೆ ನಿಂತು,
ಎತ್ತಿದ ಕೈ ಎಲ್ಲಿ ಇಳಿಸಬೇಕೋ ತಿಳಿಯದೆ
ಹಾಗೇ ಮನೆಗೆ ಬರುತ್ತಿದ್ದರು.
ಆಮೇಲೆ ಭಾನುವಾರಗಳು, ಮಡಗಾಂವಿನ ಮೊದಲ ಬಸ್ಸು.
ತಮಗಿಂತ ಹದಿನಾರು ವರ್ಷ ಸಣ್ಣವನ ಮುಂದೆ ಮೊಣಕಾಲೂರಿ
ಉಳಿದದ್ದು ಕೇಳಿದರು.
ಉಳಿದದ್ದು ಮೂರೇ ಹೆಜ್ಜೆ.
"ಮೂರಕ್ಕ ಹನ್ನೊಂದು ವರ್ಷ" ಅನ್ನುತ್ತ
ಚಹಾ ಬಸಿಗೆ ಸುರುವಿಕೊಳ್ಳುತ್ತಿದ್ದರು.
ನಷ್ಟದ ಲೆಕ್ಕವೋ ಲಾಭದ್ದೋ
ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಬುಲ್ಡೋಜರ್ ಬಂದು ಹೋದ ಮರುದಿನ
ಅವ್ವ ಮುರಿದ ತಗಡಿನ ಕೆಳಗೆ ಒಲೆ ಹುಡುಕುತ್ತಿದ್ದಳು.
ಐದೂವರೆಗೆ ಸಿಳ್ಳೆ ಕೇಳಿತು. ಹೋದೆವು, ಯಾಕೆ ಹೋದೆವೋ.
ಮಾಸ್ತರರು ಬಾಗಿ ಗಾಜು ಆರಿಸುತ್ತಿದ್ದರು, ಒಂದೊಂದೇ ಚೂರು,
ಹನ್ನೆರಡು ಜೋಡಿ ಬರಿಗಾಲಿಗೆ ಸಾಲುವಷ್ಟು ಜಾಗ.
ಆ ದಿನ ಶಿ ಅಂದಾಗ ಯಾರೂ ನಗಲಿಲ್ಲ.
ಅವರು ಎಣಿಕೆ ನಿಲ್ಲಿಸಿದರು. ಕಾದರು.
ಮತ್ತೆ ಅಂದರು, ಶಿ.
ಇನ್ನೊಮ್ಮೆ, ಶಿ.
ಸಲೀಮಾ ಕಿಸಕ್ಕೆಂದಳು.
ಆಮೇಲೆ ಗೋ.

ಹತ್ತೊಂಬತ್ತರಲ್ಲಿ, ಬಸ್ ನಿಲ್ದಾಣದ ಹಿಂದೆ
ಒಬ್ಬ ನನ್ನ ಮೊಣಕೈ ಹಿಡಿದ.
ಹೊಡೆಯಲಿಲ್ಲ ನಾನು. ಕಾಲು ತಾನೇ ಹಿಂದೆ ಸರಿದು ಊರಿತು,
ಹೊಟ್ಟೆಯೊಳಗಿಂದ ಕೂಗೊಂದು ಎದ್ದಿತು.
ಮೀನಿನ ಬುಟ್ಟಿ ಇಳಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು;
ಅವ ಅಷ್ಟರಲ್ಲಿ ರಸ್ತೆ ದಾಟಿದ್ದ.
ಭೇಷ್ ಅನ್ನುತ್ತಾರೆಂದು ಓಡಿ ಹೋಗಿ ಹೇಳಿದೆ.
"ಎಡಗಾಲ ಹಿಂಬಡ ನೆಲದ ಮ್ಯಾಲಿತ್ತೇನು?"
ನೆನಪಿಲ್ಲ ಅಂದೆ.
"ಹಂಗಾರ ಮತ್ತೊಮ್ಮೆ ಮಾಡೂಣು, ನಿಲ್ಲು."
ಆ ರಾತ್ರಿ ನೂರು ಸಲ.
ಎಪ್ಪತ್ತರ ಹೊತ್ತಿಗೆ ಅವರ ದನಿ ಒಡೆಯಿತು.
ಕಸ್ತೂರೆವ್ವ ನೀರು ತಂದಳು,
ನನಗಲ್ಲ, ಅವರಿಗೆ.

ಈಗ ಬಲ ಮೊಣಕಾಲು ಮಡಚುವುದಿಲ್ಲ.
ಸವೆಸಿದ್ದು ಧಕ್ಕೆಯ ಕೆಲಸವೋ ಕರಾಟೆಯೋ
ಡಾಕ್ಟರಿಗೂ ಗೊತ್ತಿಲ್ಲ.
ಬಾಡಿಗೆ ಸಭಾಗೃಹದ ಮೂಲೆ, ಪ್ಲಾಸ್ಟಿಕ್ ಕುರ್ಚಿ.
ಎಣಿಸುವವಳು ನಾನು.
ಫೀ ತೆಗೆದುಕೊಳ್ಳುತ್ತೇನೆ, ತಿಂಗಳಿಗೆ ಇನ್ನೂರು;
ರೋಕು ಅನ್ನುವಾಗ ಅವರತ್ತ ನೋಡುವುದಿಲ್ಲ.

ನಿನ್ನೆ ನೋಡಿದೆ.
ಕಣ್ಣು ಮುಚ್ಚಿದ್ದರು, ನಿದ್ದೆಯೇ ಇರಬೇಕು.
ಕುರ್ಚಿಯ ಕೆಳಗೆ ಚಪ್ಪಲಿ ಬಿಟ್ಟ ಎಡಗಾಲು,
ಹಿಮ್ಮಡಿ ನೆಲಕ್ಕೆ ಒತ್ತಿತ್ತು.