ಮಂಗಳವಾರ, ಹತ್ತು ಗಂಟೆ

ಗ್ರಿಮ್ಸ್‌ಬಿಯ ಮೀನುವಾಸನೆಯ ಬೀದಿಯಲ್ಲಿ
ನಲವತ್ತೊಂದನೇ ನಂಬರಿನ ಬಾಗಿಲು
ನಾನು ಬಡಿಯುವ ಮೊದಲೇ ತೆರೆಯಿತು.
ಕರ್ಸ್ಟಿ. ಇಪ್ಪತ್ತೆರಡು. ತಿರುವುಮುರುವಾದ ಟೀ ಶರ್ಟು.
"ಮನೆ ನೋಡಬೇಡಿ" ಅಂದಳು.
ನೋಡಲಿಲ್ಲ.

"ಫೈಲು ತಂದಿಲ್ಲವಾ?" ಇಲ್ಲ.
"ಏನೂ ಬರೆದುಕೊಳ್ಳಲ್ಲವಾ?" ಇಲ್ಲ.
ಆಲೂಗಡ್ಡೆ ಎಲ್ಲಿದೆ ಅಂತ ಕೇಳಿದೆ.

ಒಳಗೆ ಮಗು ಒಂದೇ ರಾಗ ಹಿಡಿದಿತ್ತು,
ರಾತ್ರಿ ಎರಡರಿಂದಲೂ ಅಂತೆ.
ನಾನು ಸಿಪ್ಪೆ ಹೆರೆಯುತ್ತಿದ್ದೆ,
ಅವಳು ಗೋಡೆಗೆ ಹೇಳುವಂತೆ ಹೇಳಿದಳು:
"ನಿನ್ನೆ ಅವನನ್ನು ತೊಟ್ಟಿಲಲ್ಲಿಟ್ಟು
ಹಿತ್ತಿಲಿಗೆ ಹೋಗಿ ನಿಂತೆ. ಹನ್ನೊಂದು ನಿಮಿಷ.
ಒಳಗೆ ಬರಲು ಮನಸ್ಸಾಗಲಿಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ ನಮ್ಮ ಕಡೆ.
ಮುದ್ದು ಬಾರದ ರಾತ್ರಿಯಲ್ಲಿ
ಗಾದೆ ಕಟ್ಟುವವರು ಯಾರೂ ಎದ್ದಿರಲಿಲ್ಲ.

"ನಾನು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಕೂರುತ್ತಿದ್ದೆ," ಎಂದೆ,
"ಅಳು ಕೇಳಬಾರದೆಂದು.
ಮಗಳಿಗೀಗ ಮೂವತ್ತು. ನಲ್ಲಿಯ ವಿಷಯ
ಅವಳಿಗಿನ್ನೂ ಗೊತ್ತಿಲ್ಲ."

ಕರ್ಸ್ಟಿ ನಕ್ಕಳೋ, ಮೂಗೊರೆಸಿಕೊಂಡಳೋ.
ಮಗು ನನ್ನ ಹೆಗಲಿಗೆ ಬಂತು,
ಬಿಸಿಬಿಸಿ, ಹುಳಿ ಹಾಲಿನ ವಾಸನೆ.
ಅಳು ನಿಲ್ಲಲಿಲ್ಲ.
ಅವಳು ಮಾತ್ರ ಸೋಫಾದ ಮೇಲೆ,
ಒಂದು ಕಾಲಿನ ಚಪ್ಪಲಿ ಕಳಚದೆಯೇ,
ನಿದ್ದೆ ಹೋಗಿದ್ದಳು.